ಹಾಳೆಯ ಅಳತೆ, ಸುದ್ದಿಯ ಅಳತೆ: ಬೆಳಗಾವಿ–ಖಾನಾಪುರ ಸೀಮೆಯಲ್ಲಿ ದಿನಪತ್ರಿಕೆ ಮತ್ತು ಟ್ಯಾಬ್ಲಾಯ್ಡ್

ಕನ್ನಡ ಪತ್ರಿಕೋದ್ಯಮದ ಚರಿತ್ರೆಯನ್ನು ಬರೆದವರು ದಿನಪತ್ರಿಕೆಗಳ ಅಧ್ಯಾಯವನ್ನು 1843ರ ಮಂಗಳೂರಿನಿಂದಲೂ ಟ್ಯಾಬ್ಲಾಯ್ಡ್‌ಗಳ ಅಧ್ಯಾಯವನ್ನು 1980ರ ಬೆಂಗಳೂರಿನಿಂದಲೂ ಆರಂಭಿಸುವುದು ರೂಢಿ. ಈ ಎರಡೂ ಅಧ್ಯಾಯಗಳಲ್ಲಿ ಬೆಳಗಾವಿಗೆ ದೊರೆಯುವ ಸ್ಥಾನ ಚಿಕ್ಕದು. ಅದರ ದಕ್ಷಿಣಕ್ಕೆ ಸಹ್ಯಾದ್ರಿಯ ಅಂಚಿನಲ್ಲಿರುವ ಖಾನಾಪುರ ತಾಲೂಕಿಗಂತೂ ಸುದ್ದಿಯ ವಸ್ತುವಾಗಿ ಬರುವುದನ್ನು ಬಿಟ್ಟರೆ ಬೇರೆ ಪ್ರವೇಶವೇ ಇಲ್ಲ. ಆದರೆ ಪತ್ರಿಕೆಯ ಎರಡು ಬಗೆಗಳ ನಡುವಣ ವ್ಯತ್ಯಾಸವೇನೆಂಬುದನ್ನು ಪರೀಕ್ಷಿಸಲು ಗಡಿಸೀಮೆಯಂಥ ಒರೆಗಲ್ಲು ಇನ್ನೊಂದಿಲ್ಲ. ರಾಜಧಾನಿಯಲ್ಲಿ ಕುಳಿತು ನೋಡಿದಾಗ ದೊಡ್ಡ ಹಾಳೆಯ ಪತ್ರಿಕೆ ಗಂಭೀರ, ಚಿಕ್ಕ ಹಾಳೆಯ ಪತ್ರಿಕೆ ಉದ್ರಿಕ್ತ ಎಂಬ ವಿಂಗಡಣೆ ಸಲೀಸಾಗಿ ಒಪ್ಪಿತವಾಗುತ್ತದೆ. ಬೆಳಗಾವಿಯಲ್ಲಿ ನಿಂತು ನೋಡಿದಾಗ ಅದು ಅಷ್ಟು ಸಲೀಸಲ್ಲ.

ಮೊದಲು ಹಾಳೆಯ ವಿಚಾರ. ಇಂಗ್ಲೆಂಡಿನಲ್ಲಿ 1712ರಿಂದ ಪತ್ರಿಕೆಗಳ ಮೇಲೆ ಮುದ್ರಾಂಕ ಸುಂಕವಿತ್ತು. ಸುಂಕವನ್ನು ಹಾಳೆಗಳ ಲೆಕ್ಕದಲ್ಲಿ ವಿಧಿಸುತ್ತಿದ್ದುದರಿಂದ ಹಾಳೆಯನ್ನು ದೊಡ್ಡದು ಮಾಡಿ, ಅದರಲ್ಲೇ ಹೆಚ್ಚು ಸುದ್ದಿ ತುಂಬುವ ಪದ್ಧತಿ ಬೆಳೆಯಿತೆಂದು ಇತಿಹಾಸಕಾರರು ಸಾಮಾನ್ಯವಾಗಿ ವಿವರಿಸುತ್ತಾರೆ. 1855ರಲ್ಲಿ ಸುಂಕ ರದ್ದಾಯಿತು, ಹಾಳೆಯ ಅಗಲ ಮಾತ್ರ ಘನತೆಯ ಗುರುತಾಗಿ ಉಳಿಯಿತು. ‘ಟ್ಯಾಬ್ಲಾಯ್ಡ್’ ಎಂಬುದು ಮೂಲತಃ ಪತ್ರಿಕೆಗೆ ಸಂಬಂಧಿಸಿದ ಪದವೇ ಅಲ್ಲ. 1884ರಲ್ಲಿ ಲಂಡನ್ನಿನ ಔಷಧ ಕಂಪನಿಯೊಂದು ತನ್ನ ಒತ್ತಿದ ಗುಳಿಗೆಗಳಿಗೆ ನೋಂದಾಯಿಸಿಕೊಂಡ ವ್ಯಾಪಾರನಾಮ ಅದು. ಅಡಕವಾದದ್ದಕ್ಕೆಲ್ಲ ಆ ಹೆಸರು ಹರಡಿ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅರ್ಧ ಅಳತೆಯ ಪತ್ರಿಕೆಗೆ ಅಂಟಿಕೊಂಡಿತು. ಹೀಗೆ ಒಂದು ಬಗೆ ತೆರಿಗೆಯಿಂದಲೂ ಇನ್ನೊಂದು ಬಗೆಯ ಹೆಸರು ಗುಳಿಗೆಯಿಂದಲೂ ಬಂದವು. ಬರವಣಿಗೆಯ ಗುಣಕ್ಕೂ ಈ ಹುಟ್ಟುಗಳಿಗೂ ಸಂಬಂಧವಿಲ್ಲ. ಲಂಡನ್ನಿನ ಪ್ರತಿಷ್ಠಿತ ‘ದಿ ಟೈಮ್ಸ್’ 2004ರಲ್ಲಿ ತನ್ನ ದೊಡ್ಡ ಹಾಳೆಯನ್ನು ಬಿಟ್ಟುಕೊಟ್ಟಿತು. ‘ದಿ ಗಾರ್ಡಿಯನ್’ 2018ರಲ್ಲಿ ಟ್ಯಾಬ್ಲಾಯ್ಡ್ ಅಳತೆಗೆ ಬಂದಿತು. ಆ ಕಾರಣಕ್ಕೆ ಅವುಗಳನ್ನು ಯಾರೂ ಹಳದಿ ಪತ್ರಿಕೆಗಳೆಂದು ಕರೆಯಲಿಲ್ಲ.

ಅಳತೆಗೆ ಒಂದು ಆರ್ಥಿಕ ಅರ್ಥವಂತೂ ಇದೆ, ಅದನ್ನು ಕಡೆಗಣಿಸುವಂತಿಲ್ಲ. ದಿನಪತ್ರಿಕೆಯ ಒಂದು ಪುಟವನ್ನು ಅಡ್ಡಲಾಗಿ ಮಡಿಸಿದರೆ ಟ್ಯಾಬ್ಲಾಯ್ಡಿನ ಎರಡು ಪುಟಗಳಾಗುತ್ತವೆ. ಹದಿನಾರು ಪುಟಗಳ ವಾರಪತ್ರಿಕೆಗೆ ಬೇಕಾಗುವ ಕಾಗದ ಎಂಟು ಪುಟಗಳ ದಿನಪತ್ರಿಕೆಯ ಒಂದೇ ದಿನದ ಕಾಗದದಷ್ಟು. ದಿನಪತ್ರಿಕೆ ವಾರಕ್ಕೆ ಏಳು ಸಲ ಆ ವೆಚ್ಚವನ್ನು ಭರಿಸಬೇಕು. ಜೊತೆಗೆ ಸುದ್ದಿಸಂಸ್ಥೆಗಳ ಚಂದಾ, ಜಿಲ್ಲಾ ಕಚೇರಿಗಳು, ನಸುಕಿನ ವಿತರಣೆ. ಆದ್ದರಿಂದ ದಿನಪತ್ರಿಕೆಗೆ ಜಾಹೀರಾತು ಅನಿವಾರ್ಯ, ಜಾಹೀರಾತಿನಲ್ಲಿ ಸರ್ಕಾರದ ಪಾಲೂ ಅನಿವಾರ್ಯ. ಟ್ಯಾಬ್ಲಾಯ್ಡ್ ಓದುಗನ ಜೇಬಿನಿಂದಲೇ ಬದುಕಬಲ್ಲದು. ಇದು ಅದರ ಸ್ವಾತಂತ್ರ್ಯದ ಮೂಲ. ಪ್ರತಿವಾರವೂ ಓದುಗನನ್ನು ಅಂಗಡಿಯ ಬಳಿಗೆ ಎಳೆದು ತರಲೇಬೇಕಾದ ಒತ್ತಡವೂ ಇಲ್ಲಿಂದಲೇ ಹುಟ್ಟುತ್ತದೆ.

ಬೆಳಗಾವಿಯ ಪತ್ರಿಕಾ ಪರಂಪರೆ ಹಳೆಯದು. 1849ರಲ್ಲಿ ಇಲ್ಲಿಂದ ‘ಸುಬುದ್ಧಿ ಪ್ರಕಾಶ’ ಹೊರಟಿತು. 1860ರ ದಶಕದಲ್ಲಿ ಡೆಪ್ಯುಟಿ ಚನ್ನಬಸಪ್ಪನವರ ಪ್ರೇರಣೆಯಿಂದ ‘ಮಠಪತ್ರಿಕೆ’ ಬೆಳಕು ಕಂಡಿತು. ಅದೇ ದಶಕದ ‘ಬೆಳಗಾಂವ ಸಮಾಚಾರ’ ಮರಾಠಿ ಪತ್ರಿಕೆ. ಮುಂಬಯಿ ಪ್ರಾಂತದ ಆಡಳಿತದಲ್ಲಿ ಮರಾಠಿಗೆ ದೊರೆತ ಮೇಲುಗೈ ಇಲ್ಲಿನ ಮುದ್ರಣಾಲಯಗಳಲ್ಲೂ ಪ್ರತಿಫಲಿಸಿತು. ಬೆಳಗಾವಿಯ ಕಾಂಗ್ರೆಸ್ ನಾಯಕರು ತಿಲಕರ ‘ಕೇಸರಿ’ಯನ್ನು ಓದಿ ಬೆಳೆದವರು. 1916ರ ಏಪ್ರಿಲ್‌ನಲ್ಲಿ ತಿಲಕರ ಹೋಮ್‌ರೂಲ್ ಲೀಗ್ ಸ್ಥಾಪನೆಯಾದದ್ದು ಈ ಊರಿನಲ್ಲಿ. 1924ರ ಡಿಸೆಂಬರಿನಲ್ಲಿ ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ ನಡೆದದ್ದೂ ಇಲ್ಲಿಯೇ. ಏಕೀಕರಣದ ಧ್ವನಿಯಾಗಲಿದ್ದ ‘ಸಂಯುಕ್ತ ಕರ್ನಾಟಕ’ ಬೆಳಗಾವಿಯಲ್ಲಿ ಹುಟ್ಟಿ, 1930ರ ದಶಕದಲ್ಲಿ ಹುಬ್ಬಳ್ಳಿಗೆ ಸ್ಥಳಾಂತರಗೊಂಡಿತು. 1919ರಲ್ಲಿ ಬಾಬುರಾವ್ ಠಾಕೂರ್ ಆರಂಭಿಸಿದ ‘ತರುಣ ಭಾರತ’ ಬೆಳಗಾವಿಯಲ್ಲೇ ಬೇರೂರಿತು. ಕನ್ನಡದ ಪ್ರಮುಖ ದಿನಪತ್ರಿಕೆ ಊರು ಬಿಟ್ಟು ಹೋಗಿ ಮರಾಠಿಯದು ಉಳಿದದ್ದು ಮುಂದಿನ ಅರ್ಧ ಶತಮಾನದ ಓದಿನ ಅಭ್ಯಾಸದ ಮೇಲೆ ಬೀರಿದ ಪ್ರಭಾವವನ್ನು ಎಷ್ಟು ಹೇಳಿದರೂ ಕಡಿಮೆಯೇ. ‘ಕನ್ನಡಮ್ಮ’, ‘ಹಸಿರು ಕ್ರಾಂತಿ’, ‘ಲೋಕದರ್ಶನ’ಗಳಂಥ ಸ್ಥಳೀಯ ಕನ್ನಡ ಪತ್ರಿಕೆಗಳು ಆಮೇಲೆ ಈ ಕೊರತೆಯನ್ನು ತಮ್ಮ ಶಕ್ತ್ಯನುಸಾರ ತುಂಬಿದವು.

ಗಡಿವಿವಾದದ ಸಂದರ್ಭದಲ್ಲಿ ದೊಡ್ಡ ಹಾಳೆಯ ಗಾಂಭೀರ್ಯ ಎಷ್ಟರಮಟ್ಟಿನದು ಎಂಬುದು ಬಯಲಾಗುತ್ತದೆ. ನವೆಂಬರ್ 1 ಬೆಳಗಾವಿಯ ಕನ್ನಡ ಪತ್ರಿಕೆಗಳಿಗೆ ರಾಜ್ಯೋತ್ಸವ. ಅದೇ ದಿನ ಮಹಾರಾಷ್ಟ್ರ ಏಕೀಕರಣ ಸಮಿತಿ ಆಚರಿಸುವ ‘ಕರಾಳ ದಿನ’ ಮರಾಠಿ ಪತ್ರಿಕೆಗಳಿಗೆ ಮುಖ್ಯ. ಒಂದೇ ಬೀದಿಯಲ್ಲಿ, ಒಂದೇ ಬೆಳಗ್ಗೆ ನಡೆದ ಎರಡು ಮೆರವಣಿಗೆಗಳು ಎರಡು ಭಾಷೆಯ ಹಾಳೆಗಳಲ್ಲಿ ಬೇರೆ ಬೇರೆ ಊರುಗಳಲ್ಲಿ ನಡೆದಂತೆ ಕಾಣುತ್ತವೆ. ಇಲ್ಲಿ ಎರಡೂ ಕಡೆಯವು ಎಂಟು ಅಂಕಣದ, ಸಂಯಮದ ವಿನ್ಯಾಸದ, ಸಂಪಾದಕೀಯವುಳ್ಳ ದಿನಪತ್ರಿಕೆಗಳೇ. ಉದ್ರೇಕವು ಟ್ಯಾಬ್ಲಾಯ್ಡಿನ ಸೊತ್ತು ಎಂಬ ನಂಬಿಕೆಗೆ ಈ ಊರಿನಲ್ಲಿ ಆಧಾರ ಸಿಗುವುದಿಲ್ಲ.

ಇದಕ್ಕಿಂತ ಸೂಕ್ಷ್ಮವಾದ ಸಂಗತಿ ಮಹಾಜನ ಆಯೋಗದ ವರದಿಯದು. 1966ರ ಅಕ್ಟೋಬರಿನಲ್ಲಿ ನೇಮಕಗೊಂಡ ಆಯೋಗ 1967ರಲ್ಲಿ ವರದಿ ಸಲ್ಲಿಸಿತು. ಬೆಳಗಾವಿ ನಗರವು ಕರ್ನಾಟಕದಲ್ಲಿಯೇ ಉಳಿಯಬೇಕೆಂದಿತು. ಮಹಾರಾಷ್ಟ್ರ ವರದಿಯನ್ನು ತಿರಸ್ಕರಿಸಿತು. ‘ಮಹಾಜನ ವರದಿಯೇ ಅಂತಿಮ’ ಎಂಬುದು ಕರ್ನಾಟಕದ ಘೋಷಿತ ನಿಲುವಾಗಿ, ಕನ್ನಡ ದಿನಪತ್ರಿಕೆಗಳ ಸಂಪಾದಕೀಯಗಳ ಸ್ಥಾಯಿಯಾಗಿ ನೆಲೆಗೊಂಡಿತು. ಆದರೆ ಅದೇ ವರದಿ ನಿಪ್ಪಾಣಿ, ನಂದಗಡ, ಖಾನಾಪುರಗಳನ್ನೊಳಗೊಂಡು 264 ಹಳ್ಳಿಗಳನ್ನು ಮಹಾರಾಷ್ಟ್ರಕ್ಕೆ ಕೊಡಲು ಶಿಫಾರಸು ಮಾಡಿದೆ. ಪ್ರತಿಯಾಗಿ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆಗಳು ಸೇರಿದಂತೆ 247 ಹಳ್ಳಿಗಳು ಕರ್ನಾಟಕಕ್ಕೆ ಬರಬೇಕು. ನಂದಗಡವೆಂದರೆ 1831ರಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ನೆಲ. ವರದಿಯನ್ನು ಅಕ್ಷರಶಃ ಜಾರಿಗೊಳಿಸಿದರೆ ರಾಯಣ್ಣನ ಸಮಾಧಿ ರಾಜ್ಯದ ಗಡಿಯಾಚೆ ಹೋಗುತ್ತದೆ. ಬೆಳಗಾವಿ ಎಂಬ ಒಂದೇ ಹೆಸರಿನೊಳಗೆ ಇಡೀ ಸೀಮೆಯನ್ನು ಅಡಕಮಾಡಿದ ಶೀರ್ಷಿಕೆಗಳಲ್ಲಿ ಖಾನಾಪುರದ ಈ ಬೇರೆಯದೇ ಆದ ಹಣೆಬರಹ ಮರೆಯಾಯಿತು. ಸುದ್ದಿಯನ್ನು ಗುಳಿಗೆಯಂತೆ ಒತ್ತಿ ಚಿಕ್ಕದಾಗಿಸುವ ಕೆಲಸವನ್ನು ಇಲ್ಲಿ ಮಾಡಿದವು ದೊಡ್ಡ ಹಾಳೆಗಳು. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿನಲ್ಲಿ ದಾವೆ ಹೂಡಿದ ಮೇಲೂ ಚರ್ಚೆಯ ಈ ಧಾಟಿ ಹೆಚ್ಚು ಬದಲಾಗಲಿಲ್ಲ.

ಒಂದೇ ಆವೃತ್ತಿ, ಹಲವು ಆವೃತ್ತಿ

ಕನ್ನಡದಲ್ಲಿ ಟ್ಯಾಬ್ಲಾಯ್ಡ್ ಎಂಬ ಬಗೆಗೆ ರೂಪವನ್ನೂ ಮಾನವನ್ನೂ ಕೊಟ್ಟದ್ದು 1980ರ ಜುಲೈಯಲ್ಲಿ ಆರಂಭವಾದ ‘ಲಂಕೇಶ್ ಪತ್ರಿಕೆ’. ಇಂಗ್ಲಿಷ್ ಅಧ್ಯಾಪಕರಾಗಿದ್ದ, ‘ಪ್ರಜಾವಾಣಿ’ಯಲ್ಲಿ ಅಂಕಣ ಬರೆಯುತ್ತಿದ್ದ ಪಿ. ಲಂಕೇಶರು ಜಾಹೀರಾತನ್ನು ಸಂಪೂರ್ಣವಾಗಿ ನಿರಾಕರಿಸಿ ಕಪ್ಪುಬಿಳುಪಿನ ವಾರಪತ್ರಿಕೆಯನ್ನು ಹೊರತಂದರು. ಭಾರತದಲ್ಲಿ ಇದಕ್ಕೆ ಪೂರ್ವಜನೆಂದರೆ 1941ರಲ್ಲಿ ಮುಂಬಯಿಯಲ್ಲಿ ರೂಸಿ ಕರಂಜಿಯಾ ಆರಂಭಿಸಿದ ‘ಬ್ಲಿಟ್ಜ್’. ಕರಂಜಿಯಾರ ಪತ್ರಿಕೆಯಲ್ಲಿದ್ದ ಅಬ್ಬರ ಲಂಕೇಶರಲ್ಲೂ ಉಂಟು. ಆದರೆ ಕಥೆ, ಕವಿತೆ, ಗದ್ಯದ ಹೊಸ ಲಯ ಇವುಗಳನ್ನು ಅದೇ ಹಾಳೆಯಲ್ಲಿ ಕೂಡಿಸಿದ್ದು ಕನ್ನಡದ ವಿಶೇಷ. ಪತ್ರಿಕೆ ಹುಟ್ಟಿದ ತಿಂಗಳಲ್ಲೇ, ಅಂದರೆ 1980ರ ಜುಲೈಯಲ್ಲೇ, ನರಗುಂದ–ನವಲಗುಂದದಲ್ಲಿ ಮಲಪ್ರಭಾ ಅಚ್ಚುಕಟ್ಟಿನ ರೈತರ ಮೇಲೆ ಗೋಲಿಬಾರು ನಡೆಯಿತು. ಮಲಪ್ರಭೆ ಹುಟ್ಟುವುದು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ. ಗುಂಡೂರಾವ್ ಸರ್ಕಾರದ ಮೇಲೆ ಈ ಪತ್ರಿಕೆ ನಡೆಸಿದ ಸತತ ದಾಳಿಗೆ ಉತ್ತರ ಕರ್ನಾಟಕದಲ್ಲಿ ಓದುಗರು ಸಿಕ್ಕಿದ್ದರ ಹಿಂದೆ ಈ ರೈತಬಂಡಾಯದ ಕಾವು ಇದ್ದಿತೆಂದು ಭಾವಿಸುವುದು ತಪ್ಪಾಗಲಾರದು. 1995ರಲ್ಲಿ ರವಿ ಬೆಳಗೆರೆಯವರ ‘ಹಾಯ್ ಬೆಂಗಳೂರ್!’ ಬಂದಿತು. ಅಪರಾಧ ಕಥನ ಪ್ರಧಾನವಾದ ಈ ಪತ್ರಿಕೆಯೊಂದಿಗೆ ಟ್ಯಾಬ್ಲಾಯ್ಡಿನ ಹದವೇ ಬದಲಾಯಿತು. ಅದನ್ನು ಅನುಕರಿಸಿ ಜಿಲ್ಲೆ ಜಿಲ್ಲೆಗಳಲ್ಲಿ ಹುಟ್ಟಿದ ವಾರಪತ್ರಿಕೆಗಳಲ್ಲಿ ಹಲವು ವ್ಯಕ್ತಿನಿಂದೆಗೂ ವಸೂಲಿಗೂ ಇಳಿದವೆಂಬ ದೂರನ್ನು ತಳ್ಳಿಹಾಕುವಂತಿಲ್ಲ.

ಇಲ್ಲಿ ಗಮನಿಸಬೇಕಾದ ಮುಖ್ಯ ಅಂಶವೊಂದಿದೆ. ಬೆಂಗಳೂರಿನ ಟ್ಯಾಬ್ಲಾಯ್ಡ್‌ಗಳಿಗೆ ಇದ್ದುದು ಒಂದೇ ಆವೃತ್ತಿ. ಖಾನಾಪುರದ ಒಂದು ವರದಿ ಅಚ್ಚಾದರೆ ಅದನ್ನು ಚಾಮರಾಜನಗರದವನೂ ಬೀದರಿನವನೂ ಓದುತ್ತಿದ್ದ. ದಿನಪತ್ರಿಕೆಗಳದು ಇದಕ್ಕೆ ವಿರುದ್ಧವಾದ ಚಲನೆ. 1999ರಲ್ಲಿ ವಿಜಯ ಸಂಕೇಶ್ವರರ ‘ವಿಜಯ ಕರ್ನಾಟಕ’ ಹಲವು ಕೇಂದ್ರಗಳ ಮುದ್ರಣ ಮತ್ತು ಅಗ್ಗದ ಬೆಲೆಯೊಂದಿಗೆ ಪ್ರವೇಶಿಸಿದ ನಂತರ ಎಲ್ಲ ದೊಡ್ಡ ಪತ್ರಿಕೆಗಳೂ ಜಿಲ್ಲಾಪುಟಗಳನ್ನು ಹೆಚ್ಚಿಸಿದವು. ಇದರಿಂದ ತಾಲೂಕಿನ ಕೆಟ್ಟ ರಸ್ತೆ, ಶಿಕ್ಷಕರಿಲ್ಲದ ಶಾಲೆ, ಮಳೆಗಾಲದಲ್ಲಿ ಸಂಪರ್ಕ ಕಡಿದುಹೋಗುವ ಕಾಡಂಚಿನ ಹಳ್ಳಿ ಇವೆಲ್ಲ ಮೊದಲಬಾರಿಗೆ ದೊಡ್ಡ ಹಾಳೆಗೆ ಬಂದವು. ಇದು ದೊಡ್ಡ ಲಾಭ. ಆದರೆ ಬೆಳಗಾವಿಯ ಪುಟದಲ್ಲಿ ಬಂದದ್ದು ಬೆಳಗಾವಿಯಲ್ಲೇ ಉಳಿಯಿತು. ಜಾಂಬೋಟಿಯ ಅಳಲನ್ನು ಓದಿದವರು ಜಾಂಬೋಟಿಯನ್ನು ಬಲ್ಲವರೇ. ವಿಧಾನಸೌಧದ ಎದುರಿನ ಅಂಗಡಿಯಲ್ಲಿ ಮಾರಾಟವಾಗುವ ಪ್ರತಿಯಲ್ಲಿ ಆ ಪುಟವಿರಲಿಲ್ಲ. ದಿನಪತ್ರಿಕೆ ಊರಿಗೆ ಹತ್ತಿರವಾದಷ್ಟೂ ಊರಿನ ಸುದ್ದಿ ರಾಜಧಾನಿಯಿಂದ ದೂರವಾಯಿತು. 2006ರಿಂದ ಬೆಳಗಾವಿಯಲ್ಲಿ ವಿಧಾನಮಂಡಲದ ಅಧಿವೇಶನ ನಡೆಸುವ ಪರಿಪಾಠ ಆರಂಭವಾಗಿ, 2012ರಲ್ಲಿ ಸುವರ್ಣ ವಿಧಾನಸೌಧ ಉದ್ಘಾಟನೆಗೊಂಡ ಮೇಲೆ, ಅಧಿವೇಶನದ ಆ ಕೆಲವು ದಿನಗಳಷ್ಟೇ ಈ ಸೀಮೆಯ ಸಂಗತಿಗಳು ಎಲ್ಲ ಆವೃತ್ತಿಗಳಿಗೂ ಸಲ್ಲುತ್ತವೆ.

ಛಾಪಾ ಕಾಗದದ ಪ್ರಕರಣ

ಎರಡು ಬಗೆಯ ಪತ್ರಿಕೆಗಳ ಗುಣದೋಷಗಳನ್ನು ಒಂದೇ ಪ್ರಕರಣದಲ್ಲಿ ಅಳೆಯಬೇಕೆಂದರೆ ಅಬ್ದುಲ್ ಕರೀಂ ತೆಲಗಿಯ ಛಾಪಾ ಕಾಗದ ಹಗರಣಕ್ಕಿಂತ ತಕ್ಕ ನಿದರ್ಶನ ದೊರೆಯದು. 1961ರಲ್ಲಿ ಖಾನಾಪುರದಲ್ಲಿ ಹುಟ್ಟಿದ ತೆಲಗಿ ರೈಲ್ವೆ ನೌಕರನ ಮಗ. ತಂದೆ ತೀರಿಕೊಂಡ ಮೇಲೆ ರೈಲುಗಳಲ್ಲಿ ಹಣ್ಣು, ಶೇಂಗಾ ಮಾರಿ ಓದಿದವನು. ಮುಂಬಯಿ, ಸೌದಿ ಅರೇಬಿಯಗಳ ಸುತ್ತಾಟದ ನಂತರ ಮುದ್ರಾಂಕ ಮಾರಾಟದ ಪರವಾನಗಿ ಪಡೆದು, ನಕಲಿ ಛಾಪಾ ಕಾಗದದ ಜಾಲವನ್ನು ಹಲವು ರಾಜ್ಯಗಳಿಗೆ ಹಬ್ಬಿಸಿದನು. 2000ದಲ್ಲಿ ಬೆಂಗಳೂರಿನಲ್ಲಿ ನಕಲಿ ಕಾಗದ ಸಿಕ್ಕಿಬಿದ್ದು, 2001ರ ನವೆಂಬರಿನಲ್ಲಿ ಅಜ್ಮೇರಿನಲ್ಲಿ ಆತನ ಬಂಧನವಾಯಿತು. ಕರ್ನಾಟಕ ಸರ್ಕಾರ ‘ಸ್ಟ್ಯಾಂಪಿಟ್’ ಎಂಬ ವಿಶೇಷ ತನಿಖಾ ತಂಡವನ್ನು ರಚಿಸಿತು. 2004ರಲ್ಲಿ ತನಿಖೆ ಸಿಬಿಐಗೆ ಹೋಯಿತು.

ಪತ್ರಿಕೆಯ ಮೇಲಿನ ಮುದ್ರಾಂಕ ಸುಂಕದಿಂದ ಹುಟ್ಟಿದ ದೊಡ್ಡ ಹಾಳೆ, ಮುದ್ರಾಂಕದ ಹಗರಣವನ್ನು ವರದಿ ಮಾಡಿದ ಬಗೆ ಕುತೂಹಲಕರ. ದಿನಪತ್ರಿಕೆಗಳು ಪ್ರಕರಣವನ್ನು ಬಂಧನ, ಜಾಮೀನು, ಆರೋಪಪಟ್ಟಿ, ವರ್ಗಾವಣೆಗಳ ಬಿಡಿಬಿಡಿ ಸುದ್ದಿಗಳಾಗಿ ಕೊಟ್ಟವು. ಪ್ರತಿಯೊಂದಕ್ಕೂ ಪೊಲೀಸ್ ಮೂಲವೋ ನ್ಯಾಯಾಲಯದ ಮೂಲವೋ ಇತ್ತು. ಹಾಗಾಗಿ ಪ್ರತಿ ಸುದ್ದಿಯೂ ನಂಬಲರ್ಹ. ಆದರೆ ನಿತ್ಯದ ಈ ತುಣುಕುಗಳಿಂದ ಇಡೀ ಜಾಲದ ಚಿತ್ರವನ್ನು ಜೋಡಿಸಿಕೊಳ್ಳುವುದು ಸಾಮಾನ್ಯ ಓದುಗನಿಗೆ ಕಷ್ಟವಾಗಿತ್ತು. ಟ್ಯಾಬ್ಲಾಯ್ಡಿನ ಬಲ ಇರುವುದು ಇಲ್ಲಿಯೇ. ವಾರಕ್ಕೊಮ್ಮೆ ಬರುವ ಪತ್ರಿಕೆ ಘಟನೆಯನ್ನು ಹಿಂದುಮುಂದಿನೊಡನೆ ಕಥನವಾಗಿ ಕಟ್ಟಬಲ್ಲದು. ಹಣ್ಣು ಮಾರುವ ಹುಡುಗ, ರೈಲು ನಿಲ್ದಾಣ, ನಾಸಿಕದ ಮುದ್ರಣಾಲಯ, ಅಧಿಕಾರಿಗಳ ಶಾಮೀಲು ಇವುಗಳನ್ನು ಒಂದೇ ಎಳೆಯಲ್ಲಿ ಪೋಣಿಸಬಲ್ಲದು. ಕಥನದ ರುಚಿಯೇ ಅದರ ಅಪಾಯವೂ ಹೌದು. ಖಾನಾಪುರವೆಂಬ ಊರು ಅಪರಾಧಕಥೆಯ ಮೊದಲ ಅಧ್ಯಾಯದ ರಂಗಸಜ್ಜಿಕೆಯಾಗಿಬಿಟ್ಟಿತು. ಹೆಂಚು, ಇಟ್ಟಿಗೆ, ಕಟ್ಟಿಗೆಗಳ ಆ ಊರಿಗೆ ಹೊರಗಿನವರ ಬಾಯಲ್ಲಿ ಬೇರೆ ಗುರುತೇ ಉಳಿಯಲಿಲ್ಲ.

ಅಂಕಿಗಳ ವಿಚಾರದಲ್ಲಿ ಮಾತ್ರ ಎರಡು ಬಗೆಗಳ ನಡುವೆ ಅಂತರ ಕಾಣದು. ಹಗರಣದ ಮೊತ್ತ 20,000 ಕೋಟಿ, 30,000 ಕೋಟಿ ರೂಪಾಯಿ ಎಂದು ದೊಡ್ಡ ಹಾಳೆಗಳೂ ಚಿಕ್ಕ ಹಾಳೆಗಳೂ ಒಂದೇ ಧೈರ್ಯದಿಂದ ಅಚ್ಚುಮಾಡಿದವು. ಈ ಮೊತ್ತ ಯಾವ ಲೆಕ್ಕದಿಂದ ಬಂದಿತೆಂದು ಓದುಗನಿಗೆ ವಿವರಿಸುವ ಗೋಜಿಗೆ ಹೋದವರು ವಿರಳ. 2006ರಲ್ಲಿ ತೆಲಗಿಗೆ 30 ವರ್ಷಗಳ ಕಠಿಣ ಶಿಕ್ಷೆಯಾಯಿತು. 2007ರಲ್ಲಿ ಮತ್ತೊಂದು ಪ್ರಕರಣದಲ್ಲಿ 13 ವರ್ಷಗಳ ಶಿಕ್ಷೆಯೊಂದಿಗೆ ವಿಧಿಸಿದ ದಂಡ 202 ಕೋಟಿ ರೂಪಾಯಿ. ಮಂಪರು ಪರೀಕ್ಷೆಯ ಪ್ರಸಂಗವೂ ಇಂಥದೇ. ತೆಲಗಿ ಮಂಪರಿನಲ್ಲಿ ಆಡಿದನೆನ್ನಲಾದ ಮಾತುಗಳು ದೂರದರ್ಶನ ವಾಹಿನಿಗಳಲ್ಲಿ ಪ್ರಸಾರವಾದಾಗ ಅವು ಸಾಕ್ಷ್ಯವೋ ಎಂಬ ಮೂಲಪ್ರಶ್ನೆ ಬದಿಗೆ ಸರಿಯಿತು. ಒಪ್ಪಿಗೆಯಿಲ್ಲದೆ ಯಾರನ್ನೂ ಇಂಥ ಪರೀಕ್ಷೆಗೆ ಒಳಪಡಿಸಕೂಡದೆಂದು ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದ್ದು 2010ರ ಮೇ 5ರಂದು, ಕರ್ನಾಟಕ ರಾಜ್ಯದ ವಿರುದ್ಧ ಸೆಲ್ವಿ ಎಂಬುವರು ಹೂಡಿದ ಮೊಕದ್ದಮೆಯ ತೀರ್ಪಿನಲ್ಲಿ. ಅಷ್ಟು ಹೊತ್ತಿಗೆ ಪತ್ರಿಕೆಗಳು ಬೇರೆ ಹಗರಣಗಳಿಗೆ ಹೊರಳಿದ್ದವು. 2017ರ ಅಕ್ಟೋಬರಿನಲ್ಲಿ ತೆಲಗಿ ಬೆಂಗಳೂರಿನ ಆಸ್ಪತ್ರೆಯಲ್ಲಿ ಕೈದಿಯಾಗಿಯೇ ತೀರಿಕೊಂಡನು.

ಅದಕ್ಕೆ ಸುಮಾರು ಏಳು ವಾರ ಮೊದಲು, 2017ರ ಸೆಪ್ಟೆಂಬರ್ 5ರ ರಾತ್ರಿ, ಗೌರಿ ಲಂಕೇಶ್ ಬೆಂಗಳೂರಿನ ತಮ್ಮ ಮನೆಯ ಮುಂದೆ ಗುಂಡಿಗೆ ಬಲಿಯಾಗಿದ್ದರು. 2000ದ ಜನವರಿಯಲ್ಲಿ ತಂದೆ ನಿಧನರಾದ ಮೇಲೆ ‘ಲಂಕೇಶ್ ಪತ್ರಿಕೆ’ಯ ಸಂಪಾದಕತ್ವ ವಹಿಸಿ, 2005ರಲ್ಲಿ ‘ಗೌರಿ ಲಂಕೇಶ್ ಪತ್ರಿಕೆ’ಯನ್ನು ಆರಂಭಿಸಿದವರು ಅವರು. 2008ರ ಒಂದು ವರದಿಗಾಗಿ ಹೂಡಲಾದ ಮಾನನಷ್ಟ ಮೊಕದ್ದಮೆಯಲ್ಲಿ 2016ರ ನವೆಂಬರಿನಲ್ಲಿ ಹುಬ್ಬಳ್ಳಿಯ ನ್ಯಾಯಾಲಯ ಅವರಿಗೆ ಆರು ತಿಂಗಳ ಶಿಕ್ಷೆ ವಿಧಿಸಿ, ಮೇಲ್ಮನವಿಗಾಗಿ ಜಾಮೀನು ನೀಡಿತ್ತು. 2017ರ ಜೂನ್‌ನಲ್ಲಿ ವಿಧಾನಸಭೆ ಹಕ್ಕುಚ್ಯುತಿಯ ಕಾರಣ ನೀಡಿ ರವಿ ಬೆಳಗೆರೆಯವರಿಗೂ ಇನ್ನೊಬ್ಬ ಸಂಪಾದಕರಿಗೂ ಒಂದು ವರ್ಷದ ಜೈಲುಶಿಕ್ಷೆ ಘೋಷಿಸಿತು. ಈ ಎರಡು ಶಿಕ್ಷೆಗಳ ಸ್ವರೂಪ ಒಂದೇ ಅಲ್ಲ. ಒಂದು ನ್ಯಾಯಾಲಯದ ವಿಚಾರಣೆಯಿಂದ ಬಂದದ್ದು, ಇನ್ನೊಂದರಲ್ಲಿ ದೂರುದಾರರೂ ತೀರ್ಪುಗಾರರೂ ಒಂದೇ ಸದನದವರು. ಸಂಪಾದಕನೇ ಒಡೆಯನೂ ಪ್ರಕಾಶಕನೂ ಆಗಿರುವ ಚಿಕ್ಕ ಪತ್ರಿಕೆಯಲ್ಲಿ ಬರೆಹದ ಹೊಣೆ ನೇರವಾಗಿ ಒಬ್ಬ ವ್ಯಕ್ತಿಯ ಹೆಗಲಿಗೆ ಬೀಳುತ್ತದೆ. ದೊಡ್ಡ ಪತ್ರಿಕೆಗೆ ವಕೀಲರ ಪಡೆಯಿರುತ್ತದೆ, ಸಂಸ್ಥೆಯ ಗೋಡೆಯಿರುತ್ತದೆ. ಟ್ಯಾಬ್ಲಾಯ್ಡಿನ ಧೈರ್ಯವನ್ನು ಕುರಿತು ಮಾತಾಡುವಾಗ ಈ ಗೋಡೆಯಿಲ್ಲದ ಸ್ಥಿತಿಯನ್ನು ಮರೆತರೆ ಹೋಲಿಕೆ ಅಪೂರ್ಣವಾಗುತ್ತದೆ.

ಗೌರಿ ಹತ್ಯೆಯ ತನಿಖೆ ನಡೆಸಿದ ವಿಶೇಷ ತಂಡ 2018ರ ನವೆಂಬರಿನಲ್ಲಿ 9,000ಕ್ಕೂ ಹೆಚ್ಚು ಪುಟಗಳ ಹೆಚ್ಚುವರಿ ಆರೋಪಪಟ್ಟಿಯನ್ನು ಸಲ್ಲಿಸಿತು. ಆರೋಪಿಗಳಲ್ಲಿ ಕೆಲವರಿಗೆ ಖಾನಾಪುರ ತಾಲೂಕಿನ ಕಾಡಿನ ಪ್ರದೇಶದಲ್ಲಿ ಬಂದೂಕು ತರಬೇತಿ ನಡೆದಿತ್ತೆಂಬುದು ತನಿಖಾ ತಂಡದ ಆರೋಪ. ಆರೋಪದ ಸತ್ಯಾಸತ್ಯತೆಯನ್ನು ನಿರ್ಣಯಿಸಬೇಕಾದದ್ದು ನ್ಯಾಯಾಲಯ. ಪತ್ರಿಕಾ ಇತಿಹಾಸದ ದೃಷ್ಟಿಯಿಂದ ಎದ್ದುಕಾಣುವ ಸಂಗತಿ ಬೇರೆ. ಬೆಂಗಳೂರಿನ ಒಂದು ಟ್ಯಾಬ್ಲಾಯ್ಡಿನ ಸಂಪಾದಕಿಯ ಸಾವು ಜಿಲ್ಲಾಪುಟದ ಒಳಗೇ ಉಳಿಯುತ್ತಿದ್ದ ಈ ತಾಲೂಕಿನ ಹೆಸರನ್ನು ದೇಶದ ಎಲ್ಲ ಭಾಷೆಗಳ ದೊಡ್ಡ ಹಾಳೆಗಳ ಮುಖಪುಟಕ್ಕೆ ತಂದಿತು. ತೆಲಗಿಯ ಪ್ರಕರಣದಲ್ಲಿ ಆದಂತೆ ಇಲ್ಲಿಯೂ ಊರಿನ ಹೆಸರು ಬಂದದ್ದು ಅಪರಾಧದ ಬೆನ್ನೇರಿ. ಕಣಕುಂಬಿಯ ಬಳಿಯ ಕಳಸಾ ನಾಲೆಯ ವಿವಾದ, 2010ರಲ್ಲಿ ರಚನೆಯಾದ ಮಹದಾಯಿ ನ್ಯಾಯಮಂಡಳಿಯ 2018ರ ತೀರ್ಪು, 2011ರಲ್ಲಿ ಘೋಷಿತವಾದ ಭೀಮಗಡ ಅಭಯಾರಣ್ಯದೊಳಗಿನ ಹಳ್ಳಿಗಳ ಗತಿ ಇವು ಮೂರೂ ಇದೇ ತಾಲೂಕಿನವು. ನೀರಿನ ಪ್ರಶ್ನೆ ಬಂದಾಗ ಸುದ್ದಿಯಾದದ್ದು ನೀರು ಬೇಕಾದ ಹುಬ್ಬಳ್ಳಿ–ಧಾರವಾಡ, ನರಗುಂದಗಳು ಮತ್ತು ನೀರು ಬಿಡದ ಗೋವಾ. ನೀರು ಹುಟ್ಟುವ ಊರಿನವರ ಮಾತಿಗೆ ಎರಡೂ ಬಗೆಯ ಪತ್ರಿಕೆಗಳಲ್ಲಿ ಜಾಗ ಕಡಿಮೆ.

ಸಂಶೋಧಕರಿಗೆ ಈ ಸೀಮೆಯ ಪತ್ರಿಕೆಗಳು ಒಡ್ಡುವ ತೊಡಕು ಗ್ರಂಥಾಲಯಗಳ ಕಪಾಟಿನಲ್ಲಿದೆ. 1954ರ ಪುಸ್ತಕ ಒಪ್ಪಿಸುವಿಕೆಯ ಕಾಯಿದೆಯನ್ನು 1956ರಲ್ಲಿ ಪತ್ರಿಕೆಗಳಿಗೂ ವಿಸ್ತರಿಸಲಾಯಿತು. 1867ರ ನೋಂದಣಿ ಕಾಯಿದೆಯ ಬದಲಿಗೆ 2023ರ ಹೊಸ ಕಾಯಿದೆ 2024ರ ಮಾರ್ಚ್‌ನಿಂದ ಜಾರಿಗೆ ಬಂದಿದೆ. ಆದರೆ ಬೆಂಗಳೂರು ಆವೃತ್ತಿಯ ಕಡತವೊಂದನ್ನೇ ಇಟ್ಟುಕೊಂಡ ಗ್ರಂಥಾಲಯದಲ್ಲಿ 1999ರ ನಂತರದ ಖಾನಾಪುರ ಇರುವುದಿಲ್ಲ. ಅದು ಬೆಳಗಾವಿ ಆವೃತ್ತಿಯ ಒಳಪುಟದಲ್ಲಿದೆ. ಕ್ಯಾಟಲಾಗಿನಲ್ಲಿ ಪತ್ರಿಕೆಯ ಹೆಸರು, ದಿನಾಂಕಗಳಷ್ಟೇ ಇದ್ದು ಆವೃತ್ತಿಯ ನಮೂದಿಲ್ಲದಿದ್ದರೆ ಕಡತದಲ್ಲಿ ಆ ಪುಟವಿದೆಯೇ ಇಲ್ಲವೇ ಎಂಬುದು ಹಾಳೆ ತಿರುವಿದ ಮೇಲೆಯೇ ಗೊತ್ತಾಗಬೇಕು. ಟ್ಯಾಬ್ಲಾಯ್ಡ್‌ಗಳ ಸ್ಥಿತಿ ಇನ್ನೂ ಕಠಿಣ. ಅವುಗಳನ್ನು ಸಂಗ್ರಹಯೋಗ್ಯವೆಂದು ಎಣಿಸಿದವರು ಕಡಿಮೆ, ಅಗ್ಗದ ಕಾಗದ ಹಳದಿಗೆ ತಿರುಗಿ ಪುಡಿಯಾಗುತ್ತದೆ. ಬೆಳಗಾವಿಯ ಕನ್ನಡ ಮತ್ತು ಮರಾಠಿ ದಿನಪತ್ರಿಕೆಗಳನ್ನೂ ಜಿಲ್ಲೆಯ ವಾರಪತ್ರಿಕೆಗಳನ್ನೂ ಒಂದೇ ಸೂರಿನಡಿ, ಆವೃತ್ತಿಯ ನಮೂದಿನೊಂದಿಗೆ ಜೋಡಿಸಿಟ್ಟಲ್ಲಿ ಮಾತ್ರ ಒಂದೇ ನವೆಂಬರ್ 1ರ ಎರಡು ಬೆಳಗುಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಲು ಸಾಧ್ಯವಾಗುತ್ತದೆ.